ಬಿತ್ತನೆ ಕೋಠಿಯ ಮೇಡಂ

ಹುತ್ತೂರು
೬ ಜೂನ್ ೧೯೪೩

ಚಿ॥ ಆದಿಲಕ್ಷ್ಮಿಗೆ ಅಪ್ಪ ಕೋದಂಡರಾಮಪ್ಪ ಬರೆಯುವುದೇನೆಂದರೆ, ಇಲ್ಲಿ ನಾನು, ನಿನ್ನವ್ವ, ಎರಡು ಎತ್ತು, ಅರವತ್ತು ತಟ್ಟೆ ರೇಷ್ಮೆ ಹುಳು, ಎಲ್ಲರೂ ಚೆನ್ನಾಗಿದ್ದೇವೆ. ಹುಳುಗಳು ಎರಡನೇ ಜ್ವರದಿಂದ ಎದ್ದು ಸೊಪ್ಪಿನ ಮೇಲೆ ಬಿದ್ದಿವೆ. ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ, ನಿಮ್ಮ ಕೋಠಿಯ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಕಾಣೆ.

ನೀನು ಮಾಲೂರಿನಲ್ಲಿ ಚನ್ನರಾಯಪ್ಪನವರ ಬಿತ್ತನೆ ಕೋಠಿ ಸೇರಿ ಎಂಟು ತಿಂಗಳಾಯಿತು. ನಾವು ಬೆಳೆದ ಬಿತ್ತನೆ ಗೂಡು ಅಲ್ಲಿಗೆ ಹೋಗುತ್ತದೆ, ಚಿಟ್ಟೆ ಹೊರಬಂದು ಕಾರ್ಡಿನ ಮೇಲೆ ಮೊಟ್ಟೆ ಇಡುತ್ತದೆ, ಆ ತಾಯಿ ಚಿಟ್ಟೆಯನ್ನು ಅರೆದು ನನ್ನ ಮಗಳು ದುರ್ಬೀನಿನಲ್ಲಿ ನೋಡಿ ರೋಗವಿಲ್ಲ ಎಂದರೆ ಮಾತ್ರ ರೈತರಿಗೆ ಮೊಟ್ಟೆ ಕೊಡುತ್ತಾರೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಅರೆಯುವ ವಿಷಯ ಮಾತ್ರ ಹೇಳಬೇಡಿ, ಪಾಪದ ಕೆಲಸ ಅಂತಾರೆ ಎಂದು ನಿನ್ನವ್ವ ತಡೆಯುತ್ತಾಳೆ. ಅವಳ ಮಾತನ್ನು ನಾನು ಯಾವತ್ತು ಕೇಳಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಗೂಡಿನ ಗಾಡಿ ಹೊಡೆಯುವ ಪೆದ್ದಪ್ಪ ಮೊನ್ನೆ ಮಾಲೂರಿನಿಂದ ಬಂದವನು ಎತ್ತು ಬಿಚ್ಚುವುದಕ್ಕೂ ಮೊದಲೇ ಸುದ್ದಿ ಬಿಚ್ಚಿದ. ಬೆಂಗಳೂರಿನಿಂದ ಬಂದ ಇನ್ಸ್‌ಪೆಕ್ಟರು ಎಲ್ಲರ ಎದುರಿಗೆ ನಿನ್ನನ್ನು ‘ಮೇಡಂ’ ಎಂದರಂತೆ. ನಿನ್ನವ್ವ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ, “ಅದು ಬೈಗುಳಾನಾ, ಒಳ್ಳೇ ಮಾತಾ?” ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅವಳ ಮುಂದೆ ಹೇಳುವುದುಂಟೆ? ಎಲೆ ಅಡಿಕೆ ನೆವ ಮಾಡಿಕೊಂಡು ರಿಟೈರಾದ ಪೋಸ್ಟ್ ಮಾಸ್ಟರು ಮುನಿಯಲ್ಲಪ್ಪನವರ ಮನೆಗೆ ಹೋದೆ.

ಅವರು ಹೇಳಿದ್ದು ಹೀಗೆ. ಮದುವೆಯಾಗದವಳು ಮಿಸ್. ಆದವಳು ಮಿಸೆಸ್, ಅದರ ಬೆನ್ನಿಗೆ ಗಂಡನ ಹೆಸರು ಬರಬೇಕು. ಮೇಡಂಗೆ ಇದ್ಯಾವುದೂ ಬೇಕಿಲ್ಲ, ಎದುರಿಗಿರುವ ಹೆಂಗಸಿಗೆ ಮರ್ಯಾದೆ ಕೊಡಬೇಕು ಎನ್ನಿಸಿದರೆ ಸಾಕು. ಚಿನ್ನದ ಗಣಿಯ ಕಡೆ ದೊರೆಸಾನಿ ಎನ್ನುತ್ತಾರಲ್ಲ, ಅದೇ ತಾನೇ ಎಂದೆ. ಅಲ್ಲವಂತೆ. ದೊರೆಸಾನಿಗೆ ಹಿಂದೆ ಒಬ್ಬ ದೊರೆ ಇರಬೇಕಂತೆ, ಮೇಡಂಗೆ ದೊರೆಯ ಹಂಗಿಲ್ಲವಂತೆ. ಹಾಗಾದರೆ ದೊರೆಯಿಲ್ಲದ ದೊರೆಸಾನಿ ಎನ್ನಿ ಎಂದು ನಾನು ನಕ್ಕೆ. ದಾರಿಯಲ್ಲಿ ಬರುತ್ತ ಬರುತ್ತ ನಗು ನಿಂತುಹೋಯಿತು.

ನಮಗೇಕೆ ಮಗಳೇ ಆ ಪರದೇಶಿ ಮಾತು? ಅಮ್ಮ ಎನ್ನುವುದಕ್ಕಿಂತ ದೊಡ್ಡ ಮಾತು ಯಾವ ಭಾಷೆಯಲ್ಲಿದೆ? ಊರ ದೇವತೆಯನ್ನೂ ನಾವು ಅಮ್ಮ ಎಂದೇ ಕೂಗುವುದು. ಇನ್ಸ್‌ಪೆಕ್ಟರಿಗೆ ಕನ್ನಡ ಬರದಿದ್ದರೆ ನೀನೇ ಕಲಿಸು.

ಶ್ರೀನಿವಾಸಪುರದ ಮಾವಿನ ಹಣ್ಣು ಒಂದು ಬುಟ್ಟಿ ಪೆದ್ದಪ್ಪನ ಕೈಲಿ ಕಳಿಸಿದ್ದೇನೆ. ಹುಳು ದೊಡ್ಡದಾಗಿ ತಟ್ಟೆ ಸಾಲದೆ ಬಂತು, ಎದುರು ಮನೆಯ ಗಂಗುಲಪ್ಪ ಎರವಲು ಒಯ್ದಿದ್ದ ನಮ್ಮ ಇಪ್ಪತ್ತು ತಟ್ಟೆಗಳನ್ನು ವಾಪಸು ತರಿಸಿಕೊಂಡೆ. ಪಾಪ, ಅವನ ಹುಳು ಈ ಸಲ ಕೈಗೆ ಹತ್ತಲಿಲ್ಲ.

ನಿನ್ನ ಅಪ್ಪ,
ಕೋದಂಡರಾಮಪ್ಪ


ಮಾಲೂರು
೧೪ ಜೂನ್ ೧೯೪೩

ಅಪ್ಪನಿಗೂ ಅವ್ವನಿಗೂ ಆದಿಲಕ್ಷ್ಮಿಯ ನಮಸ್ಕಾರ. ಮಾವು ತಲುಪಿತು. ಒಂದು ಬುಟ್ಟಿ ಎಂದು ನೀನು ಬರೆದಿದ್ದೀಯೆ, ಮುಕ್ಕಾಲು ಬುಟ್ಟಿ ತಲುಪಿತು. ಪೆದ್ದಪ್ಪನಿಗೆ ದಾರಿ ದೂರವಾಯಿತೆಂದು ಕಾಣುತ್ತದೆ.

ಪೆದ್ದಪ್ಪ ಅರ್ಧ ಕಥೆ ಹೇಳಿದ್ದಾನೆ, ಉಳಿದದ್ದು ಕೇಳು. ಇನ್ಸ್‌ಪೆಕ್ಟರು ಪುಸ್ತಕ ತೆರೆದು ಈ ಲಾಟನ್ನು ಯಾರು ನೋಡಿದ್ದು ಎಂದು ಕೇಳಿದರು. ಪುಸ್ತಕದಲ್ಲಿ ಹಿರಿಯ ಪರೀಕ್ಷಕರಾದ ನರಸಿಂಹಪ್ಪನವರ ಸಹಿ ಇತ್ತು. ಇಲ್ಲಿ ದುರ್ಬೀನಿನಲ್ಲಿ ನೋಡುವವಳು ನಾನು, ಸಹಿ ಹಾಕುವವರು ಅವರು. ಅವರಿಗೆ ಕಣ್ಣು ಮಂಜಾಗಿ ಎರಡು ವರ್ಷವಾಗಿದೆ. ಹೆಂಗಸು ಸಹಿ ಮಾಡಿದ ಮೊಟ್ಟೆಯನ್ನು ಯಾವ ರೈತ ಕೊಳ್ಳುತ್ತಾನೆ ಎಂದು ಚನ್ನರಾಯಪ್ಪನವರು ಹೀಗೆ ಏರ್ಪಾಡು ಮಾಡಿದ್ದಾರೆ. ನರಸಿಂಹಪ್ಪನವರು ಸುಳ್ಳು ಹೇಳುವ ಜನವಲ್ಲ, ನನ್ನ ಕಡೆ ಕೈ ತೋರಿಸಿದರು. ನಾನು ಏಳಲು ಹೋದೆ. ಇನ್ಸ್‌ಪೆಕ್ಟರು, ಕುಳಿತೇ ಇರಿ ಮೇಡಂ ಎಂದು ಹೇಳಿ, ತಾವು ನಿಂತುಕೊಂಡೇ ಬಗ್ಗಿ ನನ್ನ ದುರ್ಬೀನಿನಲ್ಲಿ ನೋಡಿದರು. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ನಾನು ಕಲಿಸಬೇಕಾಗಿಲ್ಲ.

ಅಮ್ಮ ದೊಡ್ಡ ಮಾತು ಎನ್ನುತ್ತೀಯೆ. ನಿಜ. ಆದರೆ ನೀನು ಒಂದು ದಿನ ನಮ್ಮ ಕಿಟಕಿಯ ಹತ್ತಿರ ಬಂದು ಕುಳಿತು ನೋಡಬೇಕು. ಮೊಟ್ಟೆಗೆ ಬಂದ ರೈತರು ಮೊದಲು ಯಾವೂರಮ್ಮ ಎನ್ನುತ್ತಾರೆ. ಆಮೇಲೆ ಯಜಮಾನ್ರು ಏನ್ ಮಾಡ್ತಾರಮ್ಮ. ಆಮೇಲೆ ಎಷ್ಟು ಮಕ್ಕಳಮ್ಮ. ಒಂದೊಂದು ಪ್ರಶ್ನೆಗೂ ಒಂದೊಂದು ಅಮ್ಮ ಇರುತ್ತದೆ, ನನ್ನ ಉತ್ತರ ಕೇಳುತ್ತ ಕೇಳುತ್ತ ಅದು ಸಣ್ಣದಾಗುತ್ತ ಹೋಗುತ್ತದೆ. ಕೊನೆಗೆ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, ಸಾರ್ ಇಲ್ವಾ ಎಂದು ಕೇಳುತ್ತಾರೆ. ಸೊಪ್ಪು ಹೇಗೆ ಹಾಕಬೇಕು, ತಟ್ಟೆ ಹೇಗೆ ತೊಳೆಯಬೇಕು ಎಂದು ನಾನು ಹೇಳುವುದು ಅವರ ಕಿವಿಗೆ ಹೋಗುವುದಿಲ್ಲ. ಅದನ್ನೇ ನರಸಿಂಹಪ್ಪನವರು ಹೇಳಿದರೆ ತಲೆಯಾಡಿಸುತ್ತಾರೆ.

ದೇವರಾಯಸಮುದ್ರದಲ್ಲಿ ಆರು ವರ್ಷ ನಾನು ಅಶ್ವತ್ಥಪ್ಪನ ಹೆಂಡತಿಯಾಗಿದ್ದೆ. ಮಕ್ಕಳಾಗಲಿಲ್ಲವೆಂದು ಅವರು ಇನ್ನೊಬ್ಬಳನ್ನು ತಂದ ಮೇಲೆ ‘ದೊಡ್ಡೋಳು’ ಎನ್ನಿಸಿಕೊಂಡೆ. ಅಲ್ಲಿಂದ ಟ್ರಂಕು ಹೊತ್ತುಕೊಂಡು ನಮ್ಮೂರಿಗೆ ಬಂದ ಮೇಲೆ ನನ್ನನ್ನು ಏನೆಂದು ಕರೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ನೀನೂ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಸೌಭಾಗ್ಯವತಿ ಎಂದು ಬರೆಯುವುದನ್ನು ಬಿಟ್ಟೆ. ಬಿಟ್ಟಿದ್ದೇ ಸರಿ, ನನಗೆ ಬೇಸರವಿಲ್ಲ. ಆದರೆ ಆ ಜಾಗ ಖಾಲಿಯೇ ಇದೆ ಅಪ್ಪ.

ನಿನಗೆ ನಗು ನಿಂತುಹೋಯಿತೆಂದು ಬರೆದಿದ್ದೀಯೆ. ನಿಲ್ಲಿಸಬೇಡ. ದೊರೆಯಿಲ್ಲದ ದೊರೆಸಾನಿ ಎನ್ನುವ ಅರ್ಥ ನನಗೆ ಒಪ್ಪಿಗೆ. ಪೋಸ್ಟ್ ಮಾಸ್ಟರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗಳು,
ಆದಿಲಕ್ಷ್ಮಿ


ಹುತ್ತೂರು
೨೯ ಜೂನ್ ೧೯೪೩

ಚಿ॥ ಆದಿಲಕ್ಷ್ಮಿಗೆ ಆಶೀರ್ವಾದ. ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ನಡುವೆ ನಾಲ್ಕು ಸಾಲು ಬಿಟ್ಟು ಓದಿದೆ. ಬಿಟ್ಟಿದ್ದು ಅವಳಿಗೆ ಗೊತ್ತಾಯಿತು. ಎದ್ದು ಹೋಗಿ ಹುಳುವಿಗೆ ಸೊಪ್ಪು ಹಾಕುತ್ತೇನೆ ಎಂದಳು. ಹುಳುಗಳೆಲ್ಲ ಗೂಡು ಕಟ್ಟಿ ನಾಲ್ಕು ದಿನವಾಗಿತ್ತು.

ಗೂಡು ಬಿಡಿಸಿ ಆಯಿತು. ಇಷ್ಟು ಚೆಂದದ ಗೂಡು ನಾನೂ ನೋಡಿಲ್ಲ. ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲುಗಿಸಿದರೆ ಒಳಗಿನ ಹುಳ ಟಕ್ ಎನ್ನುತ್ತದೆ. ಯುದ್ಧಕ್ಕೆ ಹೋಗುವವರು ಆಕಾಶದಿಂದ ಇಳಿಯುವ ಕೊಡೆಗೆ ರೇಷ್ಮೆ ಬೇಕಂತೆ, ಅದಕ್ಕೇ ಎಲ್ಲ ಕಡೆ ಮೊಟ್ಟೆಗೆ ನೂಕುನುಗ್ಗಲು ಎಂದು ಪೆದ್ದಪ್ಪ ಹೇಳುತ್ತಾನೆ. ನಾಳೆ ಬುಧವಾರ ಗಾಡಿ ಹೊರಡುತ್ತದೆ.

ಇಪ್ಪತ್ತೆರಡು ವರ್ಷದಿಂದ ಬಿತ್ತನೆ ಗೂಡು ಬೆಳೆದಿದ್ದೇನೆ. ಒಂದು ಲಾಟನ್ನೂ ಯಾರೂ ಬೇಡವೆಂದಿಲ್ಲ. ನಾನು ಕೋಠಿಗೆ ಬಂದರೆ ಚನ್ನರಾಯಪ್ಪನವರು ಜಗಲಿಯ ಮೇಲೆ ಕುರ್ಚಿ ಹಾಕಿಸಿ ಮಾತಾಡಿಸುತ್ತಾರೆ, ಅದನ್ನು ನೀನೇ ನೋಡಿದ್ದೀಯೆ. ಈ ಲಾಟನ್ನು ಬೇರೆ ಯಾರ ಕೈಗೂ ಕೊಡಬೇಡ, ನೀನೇ ನೋಡು. ಬೆಳೆದವನು ಅಪ್ಪ, ನೋಡುವವಳು ಮಗಳು ಎಂದು ಹುತ್ತೂರಿನಲ್ಲಿ ಹೇಳದ ಬಾಗಿಲಿಲ್ಲ. ಗಂಗುಲಪ್ಪನಿಗಂತೂ ಎರಡು ಸಲ ಹೇಳಿದೆ.

ನಿನ್ನ ಅಪ್ಪ,
ಕೋದಂಡರಾಮಪ್ಪ


ಮಾಲೂರು
೮ ಜುಲೈ ೧೯೪೩

ಹುತ್ತೂರು ಗ್ರಾಮದ ಶ್ರೀ ಕೋದಂಡರಾಮಪ್ಪನವರಿಗೆ ಕೋಠಿಯಿಂದ ತಿಳಿಸುವುದು. ತಾವು ಕಳಿಸಿದ ಬಿತ್ತನೆ ಗೂಡಿನ ಚಿಟ್ಟೆಗಳಲ್ಲಿ ಗಂಟು ರೋಗ ಕಂಡುಬಂದಿರುತ್ತದೆ. ಇಡೀ ಲಾಟಿನ ಮೊಟ್ಟೆಯನ್ನು ಸುಡಬೇಕಾಗಿದೆ. ಗೂಡು ಬೆಳೆದವರ ಕಣ್ಣೆದುರಿಗೇ ಸುಡುವುದು ಇಲ್ಲಿಯ ಪದ್ಧತಿಯಾದ್ದರಿಂದ ಸೋಮವಾರ, ಹನ್ನೆರಡನೇ ತಾರೀಖು ಬೆಳಿಗ್ಗೆ ತಾವು ಬರತಕ್ಕದ್ದು.

ಅಪ್ಪ, ಮೇಲಿನದನ್ನು ಕೋಠಿಯ ಕೆಲಸದವಳು ಬರೆದಳು. ಇದನ್ನು ನಾನು ಬರೆಯುತ್ತಿದ್ದೇನೆ.

ಮೊದಲನೇ ಗಾಜಿನಲ್ಲೇ ರೋಗದ ಕಾಳು ಕಂಡಿತು. ಸಾಮೆ ಕಾಳಿನ ಹಾಗೆ ಉದ್ದುದ್ದಕ್ಕೆ, ಮಿರಮಿರ ಹೊಳೆಯುತ್ತದೆ. ಗಾಜು ಒರೆಸಿ ಮತ್ತೆ ನೋಡಿದೆ. ಬೇರೆ ಚಿಟ್ಟೆ ತೆಗೆದುಕೊಂಡೆ, ಬೇರೆ ತಟ್ಟೆಯದು ತೆಗೆದುಕೊಂಡೆ. ಮೂರು ದಿನ ನೋಡಿದೆ. ಒಂದು ಸಲವಾದರೂ ನನ್ನ ಕಣ್ಣೇ ತಪ್ಪಾಗಲಿ ಎಂದು ಬೇಡಿಕೊಂಡೆ. ತಪ್ಪಾಗಲಿಲ್ಲ. ಹೊರಗಿನಿಂದ ನೋಡಿದರೆ ಹುಳುವೂ ಚೆಂದ, ಗೂಡೂ ಚೆಂದ. ಆದರೆ ಈ ಮೊಟ್ಟೆಯಿಂದ ಹುಟ್ಟುವ ಹುಳುವಿಗೆ ಹುಟ್ಟುವಾಗಲೇ ರೋಗ ಅಂಟಿರುತ್ತದೆ. ಮೂರನೇ ಜ್ವರ ದಾಟುವುದಿಲ್ಲ.

ಇದು ನಿನ್ನ ಲಾಟೆಂದು ಚನ್ನರಾಯಪ್ಪನವರಿಗೆ ಗೊತ್ತು. ನೂರಕ್ಕೆ ನಾಲ್ಕೋ ಐದೋ ತಾನೆ, ಯುದ್ಧದ ಕಾಲ, ಶ್ರೀನಿವಾಸಪುರದ ಕಡೆಯ ನಲವತ್ತು ಜನ ಮೊಟ್ಟೆಗೆ ಕಾದಿದ್ದಾರೆ, ಸುಮ್ಮನೆ ದಾಟಿಸಿಬಿಡು ಎಂದರು. ನಿಮ್ಮಪ್ಪನ ಮರ್ಯಾದೇನೂ ಉಳಿಯುತ್ತೆ ಎಂದರು. ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ನಲವತ್ತು ಜನರ ಮನೆಯಲ್ಲೂ ತಟ್ಟೆಗಳಿವೆ, ಸೊಪ್ಪು ಚಿಗುರಿದೆ. ಅವರ ಹುಳು ಸತ್ತರೆ ಅದು ಯಾರ ಮರ್ಯಾದೆ?

ನಾನು ಆಗುವುದಿಲ್ಲ ಎಂದೆ. ಸೋಮವಾರ ಬಾ. ಊಟಕ್ಕೆ ನನ್ನ ಕೋಣೆಯಲ್ಲೇ ಮಾಡಿಟ್ಟಿರುತ್ತೇನೆ.

ಆದಿಲಕ್ಷ್ಮಿ


ಮಾಲೂರು
೨೦ ಜುಲೈ ೧೯೪೩

ಅಪ್ಪ,

ಮುದ್ದೆ, ಹುರುಳಿ ಸಾರು ಮಾಡಿಟ್ಟಿದ್ದೆ. ನೀನು ಉಣ್ಣದೆ ಹೋದೆ. ಒಂದು ವಾರ ಕಾದೆ, ನಿನ್ನಿಂದ ಒಂದು ಸಾಲೂ ಬರಲಿಲ್ಲ.

ಅವತ್ತು ನೀನು ನನ್ನೊಡನೆ ಆಡಿದ್ದು ಒಂದೇ ಮಾತು. ಜಗಲಿಯ ಮೇಲೆ ಕುರ್ಚಿ ಹಾಕಿಸಿದ್ದರು, ನೀನು ಕೂರಲಿಲ್ಲ. ನೇರವಾಗಿ ಒಳಗೆ ಬಂದೆ. ನೀನು ನೋಡಬೇಕೆಂದು ನಾನು ಸ್ಟೂಲು ಬಿಟ್ಟು ಎದ್ದೆ, ನೀನು “ಕೂತ್ಕೋ” ಎಂದೆ. ನಿಂತೇ ಬಗ್ಗಿ ನೋಡಿದೆ. ತುಂಬ ಹೊತ್ತು ನೋಡಿದೆ. ಮುಖ ಎತ್ತಿದಾಗ ನನ್ನ ಕಡೆ ನೋಡದೆ ಹೊರಗೆ ಹೋದೆ.

ಹೊರಗೆ ಶ್ರೀನಿವಾಸಪುರದವರು ಕೂಗಾಡುತ್ತಿದ್ದರು. ಆ ಅಮ್ಮಯ್ಯನಿಗೆ ಏನು ತಿಳಿಯುತ್ತೆ, ನಾವು ದೂರದಿಂದ ಬಂದಿದ್ದೀವಿ, ಕೊಟ್ಟುಬಿಡ್ರಿ ಎನ್ನುತ್ತಿದ್ದರು. ಚನ್ನರಾಯಪ್ಪನವರು ಎರಡೂ ಕೈ ಎತ್ತಿ ಸಮಾಧಾನ ಮಾಡುತ್ತಿದ್ದರು. ಆಮೇಲೆ ನಿನ್ನ ದನಿ ಕೇಳಿತು. ಜೋರಾಗಿ ಮಾತಾಡುವ ನೀನು ಅವತ್ತು ಮೆಲ್ಲಗೆ ಮಾತಾಡಿದೆ, ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅಂಗಳ ಗಪ್ಪೆಂದಿತು. ಹೊಗೆಯ ವಾಸನೆ ಬಂತು. ನಾನು ಹೊರಗೆ ಓಡಿ ಬಂದಾಗ ನೀನೇ ಕೊನೆಯ ಕಾರ್ಡುಗಳನ್ನು ಬೆಂಕಿಗೆ ಹಾಕಿ ಟವಲು ಕೊಡವಿಕೊಂಡು ಬಸ್ಸಿನ ಕಡೆ ಹೋಗುತ್ತಿದ್ದೆ. ಕೂಗಬೇಕೆಂದುಕೊಂಡೆ. ಅಷ್ಟು ಜನರ ಮುಂದೆ ಅಪ್ಪಾ ಎಂದು ಕೂಗುವುದು ಸರಿಯೋ ತಪ್ಪೋ ತಿಳಿಯದೆ ನಿಂತೆ.

ನೀನು ಹೋದ ಮೇಲೆ ಒಂದು ಸಂಗತಿ ನಡೆಯಿತು. ಪುಸ್ತಕದಲ್ಲಿ ಸಹಿ ಆಗಬೇಕಿತ್ತು. ನರಸಿಂಹಪ್ಪನವರು ಪುಸ್ತಕವನ್ನು ನನ್ನ ಕಡೆ ತಳ್ಳಿ, “ನೀವೇ ಹಾಕ್ರಿ. ಇದಕ್ಕೆ ನನ್ನ ಸಹಿ ಹಾಕಿದ್ರೆ ನನಗೇ ನಾಚಿಕೆ” ಎಂದರು. ಚನ್ನರಾಯಪ್ಪನವರು ತಡೆಯಲಿಲ್ಲ. ಕೋಠಿಯ ಪುಸ್ತಕದಲ್ಲಿ ನನ್ನ ಮೊದಲನೇ ಸಹಿ ನಿನ್ನ ಲಾಟಿನ ಮೇಲೆ ಬಿತ್ತು ಅಪ್ಪ.

ಆದಿಲಕ್ಷ್ಮಿ


ಮಾಲೂರು
೧೨ ಸೆಪ್ಟೆಂಬರ್ ೧೯೪೩

ಅಪ್ಪ,

ಎರಡು ತಿಂಗಳಾಯಿತು. ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ಕ್ಷಮಿಸು ಎಂದು ಬರೆಯಲು ಮೂರು ಸಲ ಕುಳಿತೆ, ಮೂರು ಸಲವೂ ಹಾಳೆ ಹರಿದೆ. ತಪ್ಪು ಮಾಡದೆ ಕ್ಷಮೆ ಕೇಳಿದರೆ ನೀನೇ ಬೈಯುವವನು.

ಶ್ರೀನಿವಾಸಪುರದವರಿಗೆ ಎಂಟು ದಿನ ತಡೆದು ಬೇರೆ ಲಾಟಿನ ಮೊಟ್ಟೆ ಕೊಟ್ಟೆವು. ಕಾರ್ಡುಗಳ ಮೇಲೆ ನನ್ನದೇ ಸಹಿ. ಬೆಳೆ ಚೆನ್ನಾಗಿ ಬಂತಂತೆ. ಮೊನ್ನೆ ಅವರ ಪೈಕಿ ಮುತ್ಯಾಲಮ್ಮ ಎಂಬ ಹೆಂಗಸು ಬಂದಿದ್ದಳು. ಗಂಡನಿಗೆ ಕಾಲು ಬಿದ್ದುಹೋಗಿದೆ, ಸೊಪ್ಪು, ಹುಳು, ಸಂತೆ ಎಲ್ಲ ಅವಳದೇ. ಅವಳೂ ನನ್ನನ್ನು ಮೇಡಂ ಎಂದಳು. ಹಾಗೆಂದರೆ ಏನು ಗೊತ್ತಾ ಎಂದು ಕೇಳಿದೆ. ಗೊತ್ತಿಲ್ಲ, ಎಲ್ಲರೂ ಅಂತಾರೆ, ನಾನೂ ಅಂದೆ ಎಂದಳು. ಹೇಳಿದೆ. ಗಂಡ ಯಾರು, ಮಕ್ಕಳೆಷ್ಟು ಎಂದು ಕೇಳದೆ ಕೊಡುವ ಮರ್ಯಾದೆ ಎಂದೆ. ನನ್ನನ್ನೂ ಒಂದು ಸಲ ಹಾಗೆ ಕರಿ ಎಂದಳು. ಬನ್ನಿ ಮೇಡಂ, ಎಷ್ಟು ಕಾರ್ಡು ಬೇಕು ಎಂದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ಬಿಟ್ಟು, “ಇಂಕೊಕ್ಕಸಾರಿ ಅನು ತಲ್ಲೀ” ಎಂದು ತೆಲುಗಿನಲ್ಲಿ ಕೇಳಿದಳು. ಇನ್ನೊಂದು ಸಲ ಕರೆದೆ.

ಹೌದು, ಎಲ್ಲರೂ ಅನ್ನುತ್ತಾರೆ. ಅವತ್ತು ನೀನು ಅಂಗಳದಲ್ಲಿ ಮಾತಾಡಿ ಹೋದ ದಿನದಿಂದ ಶುರುವಾಯಿತು. ಮೇಡಂ ಸಹಿ ಇರುವ ಕಾರ್ಡೇ ಬೇಕು ಎಂದು ಕಿಟಕಿಯಲ್ಲಿ ಹಟ ಹಿಡಿಯುತ್ತಾರೆ. ಚನ್ನರಾಯಪ್ಪನವರೂ ಈಗ ಹಾಗೆಯೇ ಕರೆಯುತ್ತಾರೆ, ಅವರಿಗೆ ವ್ಯಾಪಾರ ಮುಖ್ಯ. ನೀನು ಅವತ್ತು ಏನು ಹೇಳಿದೆ? ಪೆದ್ದಪ್ಪನನ್ನು ಕೇಳಿದರೆ, ಯಜಮಾನ್ರೇ ಹೇಳ್ಲಿ ಎಂದು ಎತ್ತಿನ ಬಾಲ ತಿರುವುತ್ತಾನೆ. ಅಷ್ಟನ್ನಾದರೂ ಬರೆ.

ಆದಿಲಕ್ಷ್ಮಿ


ಹುತ್ತೂರು
೩ ಅಕ್ಟೋಬರ್ ೧೯೪೩

ಚಿ॥ ಆದಿಲಕ್ಷ್ಮಿಗೆ,

ನಿನಗೆ ಕಾಗದ ಬರೆಯಬಾರದೆಂದು ನಾನು ಶಪಥ ಮಾಡಿರಲಿಲ್ಲ. ಬರೆಯಲು ಕುಳಿತರೆ ಒಂದು ನಿಜ ಬರೆಯಬೇಕಾಗುತ್ತದೆ, ಅದು ಪೆನ್ನಿನ ತುದಿಗೆ ಬರುತ್ತಿರಲಿಲ್ಲ. ಈಗ ಬರೆದುಬಿಡುತ್ತೇನೆ.

ರೋಗ ಎಲ್ಲಿಂದ ಬಂತೆಂದು ನಿನ್ನ ಕಾಗದ ಓದಿದ ಆ ಕ್ಷಣವೇ ನನಗೆ ಗೊತ್ತಾಯಿತು. ಗಂಗುಲಪ್ಪನ ಮನೆಯಿಂದ ತಂದ ಇಪ್ಪತ್ತು ತಟ್ಟೆ. ಅವನ ಹುಳು ಸತ್ತಿದ್ದು ನನಗೆ ಗೊತ್ತಿತ್ತು. ತೊಳೆದು ಬಿಸಿಲಿಗೆ ಹಾಕಬೇಕೆಂದೂ ಗೊತ್ತಿತ್ತು. ಆದರೆ ಎರವಲು ಕೊಟ್ಟ ತಟ್ಟೆ ವಾಪಸು ಬಂದಾಗ ಅದನ್ನು ತೊಳೆದರೆ, ಒಯ್ದವನ ಮನೆ ಮೈಲಿಗೆ ಎಂದು ಸಾರಿದ ಹಾಗೆ. ನಮ್ಮ ತಾತನ ಕಾಲದಿಂದ ಹುತ್ತೂರಿನಲ್ಲಿ ಯಾರೂ ಹಾಗೆ ತೊಳೆದಿಲ್ಲ. ಎದುರು ಮನೆಯವನು, ಹುಳು ಕಳೆದುಕೊಂಡು ಕುಳಿತವನು, ಅವನ ಕಣ್ಣೆದುರಿಗೆ ತೊಳೆಯಲು ನನಗೆ ಮನಸ್ಸು ಬರಲಿಲ್ಲ. ಹಾಗೇ ಹುಳು ಬಿಟ್ಟೆ. ನಿನ್ನ ಕಿಟಕಿಗೆ ಬಂದು ನಿನ್ನ ಮಾತು ಕಿವಿಗೆ ಹಾಕಿಕೊಳ್ಳದ ರೈತರೆಂದು ಬರೆದಿದ್ದೆಯಲ್ಲ, ಅವರಲ್ಲಿ ಮೊದಲನೆಯವನು ನಿನ್ನಪ್ಪ.

ಸೋಮವಾರ ಬರುವಾಗ ಬಸ್ಸಿನಲ್ಲಿ ಕುಳಿತು ನಾನು ಏನು ಯೋಚಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮಗಳೇ ಅಲ್ಲವೇ, ಕೇಳಿಕೊಂಡರೆ ದಾಟಿಸುತ್ತಾಳೆ ಎಂದುಕೊಂಡೇ ಬಂದೆ. ಇಪ್ಪತ್ತೆರಡು ವರ್ಷದ ಹೆಸರು ಮಗಳೇ. ಒಳಗೆ ಬಂದರೆ ನೀನು ಎದ್ದು ನಿಂತೆ. ಕಣ್ಣ ಕೆಳಗೆ ಕಪ್ಪಾಗಿತ್ತು. ನೀನು ಎದ್ದು ನಿಂತರೆ ನಾನು ಅಪ್ಪನಾಗುತ್ತೇನೆ, ಅಪ್ಪನಾದರೆ ಕೇಳಬಾರದ್ದು ಕೇಳುತ್ತೇನೆ ಎನ್ನಿಸಿತು. ಅದಕ್ಕೇ ಕೂತ್ಕೋ ಎಂದೆ.

ಹೊರಗೆ ಬಂದರೆ ಆ ನಲವತ್ತು ಜನ ನನ್ನನ್ನು ಸುತ್ತಿಕೊಂಡರು. ಅವರಲ್ಲಿ ಹಿರಿಯನೊಬ್ಬ ನನ್ನ ಕೈ ಹಿಡಿದು, “ಯಜಮಾನ, ನಿನ್ನ ಮಗಳಂತೆ. ಅಪ್ಪನ ಮಾತು ಮೀರ್ತಾಳಾ? ಒಂದು ಮಾತು ಹೇಳು” ಎಂದ. ಚನ್ನರಾಯಪ್ಪನವರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಿದ್ದು ಇಷ್ಟು:

“ಹುತ್ತೂರಲ್ಲಿ ಆಕೆ ನನ್ನ ಮಗಳು ಕಣಯ್ಯ. ಇಲ್ಲಿ ಮೇಡಂ. ಮಗಳಾಗಿದ್ದಿದ್ರೆ ಅಪ್ಪನ ಲಾಟು ಉಳಿಸೋಳು, ನಿಮ್ಮ ಮನೆ ಹುಳ ಸಾಯ್ತಿದ್ವು. ಮೇಡಂ ಆಗಿದ್ದಕ್ಕೆ ಅಪ್ಪನ್ದನ್ನೇ ಸುಡು ಅಂದ್ಲು. ಸ್ವಂತ ಅಪ್ಪನ್ನ ಬಿಡದೋಳು ಇನ್ನ್ಯಾರನ್ನ ಬಿಡ್ತಾಳೆ? ಆಕೆ ಸರಿ ಅಂದ ಮೊಟ್ಟೇನ ಕಣ್ಮುಚ್ಕೊಂಡು ತಗೊಂಡ್ ಹೋಗ್ರಿ.”

ಹೇಳುವಾಗ ನನಗೆ ಸಿಟ್ಟೇ ಇತ್ತು. ಸಿಟ್ಟಿನಲ್ಲೇ ಹೇಳಿದೆ, ಸಿಟ್ಟಿನಲ್ಲೇ ಸುಟ್ಟೆ. ಬಸ್ಸು ಕೋಲಾರ ತಲುಪುವ ಹೊತ್ತಿಗೆ ಸಿಟ್ಟು ಇಳಿದು, ಎದೆ ಉಬ್ಬಿ, ಪಕ್ಕದಲ್ಲಿ ಕುಳಿತ ಗುರುತಿಲ್ಲದ ಮನುಷ್ಯನಿಗೆ ಎಲ್ಲವನ್ನೂ ಹೇಳಿದೆ. ಅವನು ಸುಗಟೂರಿನ ಕಡೆಯವನು, ಕೇಳಿ ಕೇಳಿ ಸಾಕಾಗಿ ನಿದ್ದೆ ಹೋದ.

ಆದರೆ ಮನೆಗೆ ಬಂದು ಎದುರು ಮನೆ ನೋಡಿದಾಗ ನಾಚಿಕೆಯಾಯಿತು. ಊರಿನಲ್ಲಿ ಮಾತೂ ಎದ್ದಿತು. ಮಗಳು ಅಪ್ಪನ ಹೊಟ್ಟೆಯ ಮೇಲೆ ಹೊಡೆದಳು ಎಂದರು. ನಾನು ಸುಮ್ಮನೆ ಕೇಳಿಸಿಕೊಂಡೆ, ಯಾಕೆಂದರೆ ತಟ್ಟೆಯ ವಿಷಯ ಹೇಳದೆ ನಿನ್ನ ಪರವಾಗಿ ಬಾಯಿ ಬಿಡುವ ಹಾಗಿರಲಿಲ್ಲ. ಎರಡು ತಿಂಗಳು ಹೇಳಲಿಲ್ಲ. ಮುತ್ಯಾಲಮ್ಮನ ವಿಷಯ ಬರೆದ ನಿನ್ನ ಕಾಗದ ಬಂದ ದಿನ ನಿನ್ನವ್ವನಿಗೆ ಒಂದು ಸಾಲೂ ಬಿಡದೆ ಓದಿದೆ. ಅವಳು, “ಅಷ್ಟು ಜನರ ಮುಂದೆ ಮಗಳು ನಿಜ ಹೇಳಿದ್ಲು. ನಿಮಗೆ ಒಬ್ಬ ಗಂಗುಲಪ್ಪನ ಮುಂದೆ ಹೇಳಕ್ಕಾಗಲ್ವಾ?” ಎಂದಳು. ಅವಳ ಮಾತನ್ನು ನಾನು ಕೇಳಿದ್ದು ಇದೇ ಮೊದಲು.

ಮಾರನೆಯ ಬೆಳಿಗ್ಗೆ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ಬೀದಿಗೆ ತಂದಿಟ್ಟು, ನೀರು ಕುದಿಸಿ, ಅರವತ್ತು ತಟ್ಟೆಯನ್ನೂ ಒಂದೊಂದಾಗಿ ಅದ್ದಿದೆ. ಗಂಗುಲಪ್ಪ ಜಗಲಿಯಿಂದ ಇಳಿದು ಬಂದ. ಮುಖ ಕೆಂಪಾಗಿತ್ತು.

“ನನ್ನ ಮನೆ ಮೈಲಿಗೆ ಅಂತ ಊರಿಗೆ ತೋರಿಸ್ತಿದ್ದೀಯೇನ್ಲಾ?”

“ನನ್ನ ಮನೆ ಮೈಲಿಗೆ ಕಣೋ. ತೊಳೀತಿದ್ದೀನಿ.”

ಅವನು ನಿಂತ. ನಾನು ತಟ್ಟೆ ಅದ್ದುತ್ತಲೇ ಇದ್ದೆ, ಅದ್ದುತ್ತಲೇ ದುರ್ಬೀನಿನಲ್ಲಿ ನಾನು ಕಂಡದ್ದನ್ನು ಹೇಳಿದೆ. ಕೇಳಿ ಮುಗಿದ ಮೇಲೆ ಅವನು ತನ್ನ ಮನೆಯೊಳಗೆ ಹೋಗಿ ತನ್ನ ತಟ್ಟೆಗಳನ್ನು ಹೊತ್ತು ತಂದ. ಮಧ್ಯಾಹ್ನದ ಹೊತ್ತಿಗೆ ಆ ಬೀದಿಯವರೆಲ್ಲ ತಂದರು. ಯಾರು ಹೇಳಿದ್ದು ಹೀಗೆ ಕುದಿಸಬೇಕೆಂದು ಎಂದು ಒಬ್ಬೊಬ್ಬರೂ ಕೇಳಿದರು. ಮಾಲೂರಿನ ಮೇಡಂ ಎಂದೆ. ನಿನ್ನ ಹೆಸರು ಹೇಳಲಿಲ್ಲ, ಹೇಳದಿದ್ದರೂ ಗೊತ್ತಾಯಿತು.

ಒಂದು ವರ್ಷ ನನ್ನ ಮನೆಯಿಂದ ಬಿತ್ತನೆ ಗೂಡು ತೆಗೆದುಕೊಳ್ಳುವುದಿಲ್ಲವೆಂದು ಕೋಠಿಯಿಂದ ಕಾಗದ ಬಂದಿದೆ. ಕೆಳಗೆ ನಿನ್ನ ಸಹಿ ಇತ್ತು. ಸರಿಯಾಗಿಯೇ ಬರೆದಿದ್ದೀಯೆ. ಈ ವರ್ಷ ಎಲ್ಲರ ಹಾಗೆ ನಾನೂ ಮೊಟ್ಟೆ ಕೊಂಡು ಸಾಕುತ್ತೇನೆ. ಬರುವ ಬುಧವಾರ ಬೆಳಿಗ್ಗೆ ಬರುತ್ತೇನೆ, ಗಂಗುಲಪ್ಪನೂ ಜೊತೆಗಿರುತ್ತಾನೆ. ಈ ಸಲ ಉಂಡೇ ಹೋಗುತ್ತೇನೆ.

ಆದರೆ ಒಂದು ಮಾತು. ಕಿಟಕಿಯ ಮುಂದೆ ಎಷ್ಟೇ ಜನವಿರಲಿ, ನಾನು ಸಾಲಿನಲ್ಲಿ ನಿಲ್ಲುತ್ತೇನೆ. ನನ್ನನ್ನು ಕಂಡು ಮೊದಲು ಕರೆಯಬೇಡ. ಸರದಿ ಬಂದಾಗ ನಾನು ಮೇಡಂ ಎನ್ನುತ್ತೇನೆ, ನೀನು ನಗಬಾರದು, ಅಳಲೂಬಾರದು. ಸಾಲಿನಲ್ಲಿ ನನ್ನ ಮುಂದೆ ಹಿಂದೆ ನಿಂತವರಿಗೆ ನೀನು ನನ್ನ ಮಗಳೆಂದು ನಾನಾಗಿ ಹೇಳುವುದಿಲ್ಲ, ಅದು ನಿನ್ನ ಕೆಲಸದ ಜಾಗ. ಆ ಮೇಡಂ ನಿಮಗೇನಾಗಬೇಕು ಎಂದು ಯಾರಾದರೂ ಕೇಳಿದರೆ ಮಾತ್ರ ಹೇಳುತ್ತೇನೆ. ಯಾರೂ ಕೇಳದಿದ್ದರೆ, ಕೇಳುವ ಹಾಗೆ ಹೇಗಾದರೂ ಮಾಡುತ್ತೇನೆ.

ನಿನ್ನ ಅಪ್ಪ,
ಕೋದಂಡರಾಮಪ್ಪ